ಪಂಕ್ತಿ ಏಳಿಸುವ ಪರೀಕ್ಷೆ

ಶಿರಸಿ ಪೇಟೆಯಲ್ಲಿ ನನ್ನ ಬಾಯಿಗೆ ಹೆದರದವರು ಇಬ್ಬರೇ ಇದ್ದರು. ಒಬ್ಬರು ಮನ್ಮನೆಯ ವಿಘ್ನೇಶ್ವರ ಭಟ್ಟರು. ಊಟಕ್ಕೆ ಕೂತರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇನ್ನೊಬ್ಬರು ಮುನ್ಸಿಪಾಲಿಟಿಯ ಇನ್‌ಸ್ಪೆಕ್ಟರ್ ಅಂದಾನಪ್ಪನವರು. ಹಾವೇರಿ ಕಡೆಯವರಾದ್ದರಿಂದ ನಾನು ಹವಿಗನ್ನಡದಲ್ಲಿ ಬೈದದ್ದು ಅವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು, ತಿಳಿದಷ್ಟಕ್ಕೆ ನಗುತ್ತಿದ್ದರು. ೧೯೩೬ನೇ ಇಸವಿಯ ಚಳಿಗಾಲದಲ್ಲಿ ಈ ಇಬ್ಬರ ನಡುವೆ ನನ್ನ ಖಾನಾವಳಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಯಿತು.

ಖಾನಾವಳಿ ಹೆಸರಿಗೆ ನಮ್ಮ ಯಜಮಾನರದು. ಬೋರ್ಡಿನ ಮೇಲೆ ಮಧುಕೇಶ್ವರ ಹೆಗಡೆ ಎಂದೇ ಬರೆದಿತ್ತು. ಬಾವಿಯಿಂದ ನೀರು ಸೇದುವುದು, ಬಡಿಸುವುದು, ಬಂದವರ ಹತ್ತಿರ ಕೋರ್ಟು ಕಚೇರಿಯ ಸುದ್ದಿ ಮಾತಾಡುವುದು ಅವರ ಪಾಲು. ಒಲೆ ನನ್ನದು, ಬಾಯಿಯೂ ನನ್ನದು. ಅದಕ್ಕೆ ಮೊದಲು ದೊಡ್ಮನೆ ಎಂಬ ಹಳ್ಳಿಯ ಅವರ ಕೂಡುಮನೆಯಲ್ಲಿ ನಾನು ಸೊಸೆಯರ ಸಾಲಿನಲ್ಲಿ ಕೊನೆಯವಳಾಗಿದ್ದೆ. ಅಲ್ಲಿ ಸಾರಿಗೆ ಉಪ್ಪು ಹಾಕುವ ಮುಂಚೆ ಅತ್ತೆಯ ಮುಖ, ಅತ್ತಿಗೆಯ ಮುಖ, ಆಮೇಲೆ ಇನ್ನೊಬ್ಬ ಅತ್ತಿಗೆಯ ಮುಖ ನೋಡಬೇಕು. ಅಷ್ಟರಲ್ಲಿ ಸಾರು ಕುದಿದು ಅರ್ಧವಾಗಿರುತ್ತಿತ್ತು. ಉಪ್ಪು ನನ್ನ ಮನಸ್ಸಿಗೆ ಬಂದಷ್ಟು ಹಾಕಬೇಕು ಎಂಬ ಒಂದೇ ಆಸೆಗೆ ನಾನು ಗಂಡನನ್ನು ಎಳೆದುಕೊಂಡು ಶಿರಸಿಗೆ ಬಂದವಳು. ನಾವು ಹೊರಟ ದಿನ ದೊಡ್ಡ ಭಾವ ಜಗಲಿಯಲ್ಲೇ ಕೂತು, "ಅನ್ನ ಮಾರಲೆ ಹೋಪವು ಎಷ್ಟು ದಿನ ಇರ್ತ ನೋಡನ" ಎಂದಿದ್ದರು. ಖಾನಾವಳಿ ಮುಚ್ಚಿದರೆ ಮತ್ತೆ ಅದೇ ಜಗಲಿ, ಅದೇ ಮುಖಗಳು. ಅದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಖಾನಾವಳಿ ಇದ್ದದ್ದು ಬದ್ರುದ್ದೀನ್ ಸಾಹೇಬರ ಕಟ್ಟಡದ ಮಾಳಿಗೆಯ ಮೇಲೆ. ಕೆಳಗೆ ಅವರ ಮೋಟಾರು ನಿಲ್ಲುವ ಜಾಗ. ಒಂದು ದಿನ ಸಿದ್ದಾಪುರ, ಒಂದು ದಿನ ಯಲ್ಲಾಪುರ ಎಂದು ಅವರೇ ಬಸ್ಸು ಓಡಿಸುತ್ತಿದ್ದರು. ಸಾಹೇಬರ ಮಾಳಿಗೆಯ ಮೇಲೆ ಊಟವೇ ಎಂದು ಮೊದಮೊದಲು ಪೇಟೆಯ ಮಡಿವಂತರು ಮೂಗು ಮುರಿದರು. ಒಗ್ಗರಣೆಯ ವಾಸನೆ ಬೀದಿಗಿಳಿದ ಮೇಲೆ ಆ ಮೂಗುಗಳೆಲ್ಲ ತಾವಾಗಿಯೇ ನೆಟ್ಟಗಾದವು.

ಅಂದಾನಪ್ಪನವರು ಬಂದದ್ದು ಪರವಾನಗಿ ಹೊಸದು ಮಾಡಿಕೊಡುವ ಮುಂಚಿನ ತಪಾಸಣೆಗೆ. ಅವರು ಮೇಲೆ ಹತ್ತಿ ಊಟದ ಕೋಣೆ ನೋಡಿದರು, ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತು ನನ್ನ ಒಲೆ ನೋಡಿದರು, ಕೆಳಗಿಳಿದು ಸಾಹೇಬರ ಪೆಟ್ರೋಲಿನ ಡಬ್ಬಿಗಳನ್ನು ನೋಡಿದರು. ನೋಡಿ ಮುಗಿದ ಮೇಲೆ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಕೆಳಗ ಪೆಟ್ರೋಲು, ಮ್ಯಾಲೆ ಒಲಿ, ನಡುವ ಮಂದಿ. ಇಳಿಯಾಕ ಇರೂದು ಒಂದು ಮೆಟ್ಟಲಾ. ಇದೇನ್ರೀ ಹೆಗಡೇರ, ಖಾನಾವಳಿನೋ ಚಿತಾನೋ?"

ಯಾವುದೋ ದೂರದ ಊರಿನಲ್ಲಿ ಮಾಳಿಗೆಯ ಮೇಲಿನ ಊಟದ ಮನೆಗೆ ಬೆಂಕಿ ಬಿದ್ದು, ಇಳಿಯಲು ದಾರಿಯಿಲ್ಲದೆ ಜನ ಸತ್ತಿದ್ದರಂತೆ. ಅದಕ್ಕೇ ಈ ವರ್ಷ ಕಾಯಿದೆ ಬಿಗಿಯಾಗಿತ್ತು. ಪೆಟ್ರೋಲು ಊರ ಹೊರಗೆ ಹೋಗಬೇಕು. ಊಟದ ಕೋಣೆಯ ಇನ್ನೊಂದು ತುದಿಗೆ ಎರಡನೆಯ ಮೆಟ್ಟಿಲು ಆಗಬೇಕು. ಅದಾದ ಮೇಲೆ ಊಟದ ಹೊತ್ತಿನಲ್ಲೇ ಒಂದು ಪರೀಕ್ಷೆ: ಹಳೆಯ ಮೆಟ್ಟಿಲಿಗೆ ಹಗ್ಗ ಕಟ್ಟಿ, ಅಲ್ಲಿ ಬೆಂಕಿ ಬಿದ್ದಿದೆ ಎಂದುಕೊಂಡು, ಗಂಟೆ ಬಾರಿಸಿದ ಕೂಡಲೇ ಒಳಗಿದ್ದವರೆಲ್ಲ ಹೊಸ ಮೆಟ್ಟಿಲಿಂದ ಇಳಿದು ಬೀದಿಗೆ ಬರಬೇಕು. ಬಂದರೆ ಪರವಾನಗಿ, ಇಲ್ಲದಿದ್ದರೆ ಬಾಗಿಲಿಗೆ ಬೀಗ.

"ಎಷ್ಟರೊಳಗೆ ಇಳೀಬೇಕು ಸಾಹೇಬ್ರೇ?" ಎಂದು ಬದ್ರುದ್ದೀನರು ಕೇಳಿದರು.

ಅಂದಾನಪ್ಪನವರು ತಮ್ಮ ಗಡಿಯಾರ ನೋಡಿದರು, ನಮ್ಮ ಗೋಡೆಯ ಗಡಿಯಾರ ನೋಡಿದರು. ಎರಡಕ್ಕೂ ಮಾತುಕತೆ ಇರಲಿಲ್ಲ. "ಈ ಊರಾಗ ತಾಸಿಂದು ಒಬ್ಬೊಬ್ಬರದು ಒಂದೊಂದು ಲೆಕ್ಕ" ಎಂದರು.

"ಹಾಗಾದ್ರೆ ನನ್ನ ಮೋಟಾರೇ ಗಡಿಯಾರ. ಗಂಟೆ ಹೊಡೆದಾಗ ನಾನು ಇಲ್ಲಿಂದ ಬಿಡ್ತೇನೆ, ಪೇಟೆಗೆ ಒಂದು ಸುತ್ತು ಹಾಕಿ ಬಂದು ನಿಲ್ಲಿಸ್ತೇನೆ. ಅಷ್ಟರೊಳಗೆ ಎಲ್ಲರೂ ಕೆಳಗಿರಬೇಕು."

ಅಂದಾನಪ್ಪನವರಿಗೆ ಇದು ಬಹಳ ಹಿಡಿಸಿತು. ನನಗಂತೂ ಪರೀಕ್ಷೆ ಎಂಬುದೇ ಮರೆತು ಹಬ್ಬ ಬಂದ ಹಾಗಾಯಿತು. ಜನ ಊಟ ಮಾಡಿ ಎದ್ದು ಹೋಗುವುದನ್ನು ದಿನವೂ ನೋಡುವವಳು ನಾನು. ಗಂಟೆ ಹೊಡೆದರೆ ಏಳಬೇಕು, ಏಳುತ್ತಾರೆ, ಇದರಲ್ಲಿ ಕಷ್ಟವೇನಿದೆ ಎಂದುಕೊಂಡೆ.

ಬದ್ರುದ್ದೀನರು ಅಂದೇ ಡಬ್ಬಿಗಳನ್ನು ಗಾಡಿಯಲ್ಲಿ ಹೇರಿಸಿ ಊರ ಹೊರಗೆ ಕಲ್ಲು ಕಟ್ಟಿದ ಗುಂಡಿಗೆ ಸಾಗಿಸಿದರು. ಮೆಟ್ಟಿಲಿನ ಹಲಗೆ ಯಲ್ಲಾಪುರದಿಂದ ಅವರ ಬಸ್ಸಿನಲ್ಲೇ ಬಂತು. ಆ ದಿನ ಪ್ರಯಾಣಿಕರೆಲ್ಲ ಹಲಗೆಯ ಮೇಲೆ ಕಾಲು ಮಡಿಚಿ ಕೂತು ಬಂದರಂತೆ. ಚಂದಗುಳಿಯ ಗಣಪತಿಗೆ ಗಂಟೆ ಕಟ್ಟಿ ವಾಪಸು ಬರುತ್ತಿದ್ದ ಒಬ್ಬರು, ಹರಕೆ ತೀರಿಸಿದ ಮೇಲೂ ಇಂಥ ಶಿಕ್ಷೆಯೇ ಎಂದು ಗೊಣಗಿದರಂತೆ. ಬಡಗಿ ಉಳಿ ಹೊಡೆದ ಶಬ್ದಕ್ಕೆ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ದಿನಕ್ಕೆ ಹತ್ತು ಸಲ ಕಿಟಕಿಯಿಂದ ಬಗ್ಗಿ, "ಆ ಹಲಗೆ ಓರೆ ಆಯ್ದು, ಈ ಹಲಗೆ ಸಣ್ಣ ಆಯ್ದು" ಎಂದು ಕೂಗಿ ಅವನ ತಲೆ ತಿಂದೆ. ಮೆಟ್ಟಿಲು ಮುಗಿದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಯಜಮಾನರನ್ನು ಕಳಿಸಿದೆ. ಗಂಟೆಯ ಬದಲಿಗೆ ಸಾಹೇಬರು ಮೋಟಾರಿನ ಹಳೆಯ ಗಾಲಿಯ ಕಬ್ಬಿಣದ ಬಳೆಯನ್ನು ನೇತುಹಾಕಿದರು. ಬಡಿದರೆ ಕೋಟೆಕೆರೆಯ ತನಕ ಕೇಳಿಸುತ್ತಿತ್ತು.

ಪರೀಕ್ಷೆಯ ದಿನ ಕೋರ್ಟಿಗೆ ಬಂದವರು, ಕಚೇರಿಯ ಗುಮಾಸ್ತರು ಎಲ್ಲ ಸೇರಿ ಕೋಣೆ ತುಂಬಿತ್ತು. ಎರಡು ಸಾಲು ಎಲೆ. ಮೊದಲನೆಯ ಎಲೆ ಎಂದಿನಂತೆ ವಿಘ್ನೇಶ್ವರ ಭಟ್ಟರದು. ಗಡಿಯ ಬೇಲಿಯ ವ್ಯಾಜ್ಯಕ್ಕೆಂದು ಶಿರಸಿಗೆ ಬಂದ ಭಟ್ಟರು ತಾರೀಕಿನ ಮೇಲೆ ತಾರೀಕು ಬಿದ್ದು ಇಲ್ಲಿಯವರೇ ಆಗಿಬಿಟ್ಟಿದ್ದರು. ವಯಸ್ಸಿನಲ್ಲಿ ಹಿರಿಯರು, ವೇದ ಬಲ್ಲವರು, ಬಾಯಲ್ಲಿ ಹಲ್ಲು ಕಡಿಮೆ. ಹುಳಿ ಬಡಿಸಿ ಆಗಿತ್ತು. ಕೆಳಗೆ ಬಳೆ ಬಡಿಯಿತು, ಬದ್ರುದ್ದೀನರ ಮೋಟಾರು ಗುರ್ ಎಂದಿತು. ನಾನು ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತೆ.

ಒಬ್ಬನೂ ಏಳಲಿಲ್ಲ.

ಎಲ್ಲರೂ ಭಟ್ಟರ ಮುಖ ನೋಡುತ್ತಿದ್ದರು. ಪಂಕ್ತಿಯಲ್ಲಿ ಕೂತ ಮೇಲೆ ಹಿರಿಯರು ಅಂಗೈಗೆ ನೀರು ಹಾಕಿಕೊಂಡು ಕೊನೆಯ ಆಪೋಶನ ತೆಗೆದುಕೊಳ್ಳುವವರೆಗೆ ಉಳಿದವರು ಏಳುವಂತಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದದ್ದೇ ಬುದ್ಧಿಗೆ ಹೊಳೆದಿರಲಿಲ್ಲ.

"ಭಟ್ರೇ, ಗಂಟೆ ಆತು, ಏಳವು" ಎಂದರು ನಮ್ಮ ಯಜಮಾನರು.

"ಕೇಳ್ತು ಮಾರಾಯ, ಕೇಳ್ತು. ಉಂಡ್ಕಂಡು ಏಳನ. ಮಜ್ಜಿಗೆ ತಗಂಬಾ."

ಮೋಟಾರು ಪೇಟೆ ಸುತ್ತಿ ಬಂದು ಹಾರ್ನು ಹೊಡೆಯಿತು. ಭಟ್ಟರು ಮಜ್ಜಿಗೆ ಅನ್ನ ಕಲೆಸುತ್ತಿದ್ದರು. ಬೀದಿಯಲ್ಲಿ ಅಂದಾನಪ್ಪನವರ ಪಕ್ಕ ನಿಂತಿದ್ದದ್ದು ನಾಗಿ ಒಬ್ಬಳೇ. ಕಟ್ಟಿಗೆ ತಂದುಕೊಡುವುದು, ಪಾತ್ರೆ ತಿಕ್ಕುವುದು ಅವಳ ಕೆಲಸ. ಹಿತ್ತಲಿನಿಂದ ಒಂದೇ ಓಟದಲ್ಲಿ ಬಂದು ಮೊದಲಿಗಳಾಗಿ ನಿಂತಿದ್ದಳು. "ಅಮ್ಮಾ, ನಾ ಪಾಸು" ಎಂದು ಮೇಲೆ ನೋಡಿ ಕೂಗಿದಳು.

ಅಂದಾನಪ್ಪನವರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. "ಖರೇನ ಬೆಂಕಿ ಬಿದ್ದಿದ್ರ ಎಲ್ಲಾರೂ ಮಜ್ಜಿಗಿ ಸುದ್ದಾ ಸ್ವರ್ಗಕ್ಕ ಹೋಗ್ತಿದ್ರಿ" ಎಂದರು. "ಇನ್ನೊಂದು ಅವಕಾಶ ಕೊಡ್ತೀನ್ರೀ. ಮುಂದಿನ ವಾರ. ಅದರ ಮ್ಯಾಲೆ ನನ್ನ ಕೈಯಾಗಿಲ್ಲ."

ಬದ್ರುದ್ದೀನರು ನನ್ನನ್ನು ಸಮಾಧಾನ ಮಾಡಲು ನೋಡಿದರು. "ಅಕ್ಕಾ, ಫಿಕಿರ್ ಮಾಡಬೇಡಿ. ಮುಂದಿನ ಸಲ ನಾನು ಸುತ್ತು ದೊಡ್ಡದು ಮಾಡ್ತೇನೆ."

"ನಿಂಗ ಸಿದ್ದಾಪುರಕ್ಕೆ ಹೋಗಿ ಬಂದ್ರೂ ಈ ಭಟ್ರ ಊಟ ಮುಗೀತಿಲ್ಲೆ" ಎಂದೆ.

ಆ ರಾತ್ರಿಯೆಲ್ಲ ಹೊರಳಾಡಿದೆ. ಯಜಮಾನರು ಮೆಲ್ಲನೆ, "ಅಷ್ಟಕ್ಕೂ ದೊಡ್ಮನೆಲಿ ಎಂತ ಕಮ್ಮಿ ಇದ್ದು, ಹೇಳು" ಎಂದರು. ಸೋಲುವ ಮೊದಲೇ ಗಂಟು ಕಟ್ಟುವ ಗಂಡಸನ್ನು ಕಂಡರೆ ನನಗಾಗದು. "ನಿಂಗ ಹೋಗಿ. ಆನು ಇಲ್ಲೇ ಬದ್ರುದ್ದೀನ್ ಸಾಹೇಬ್ರ ಮೋಟಾರಿಗೆ ಕಂಡಕ್ಟರ್ ಆಗ್ತೆ" ಎಂದೆ. ಅವರು ಮಗ್ಗುಲು ತಿರುಗಿ ಮಲಗಿದರು.

ಮರುದಿನ ಭಟ್ಟರು ಊಟಕ್ಕೆ ಬಂದಾಗ ನಾನು ಬಾಗಿಲ ಸಂದಿಯಿಂದಲೇ ಶುರು ಮಾಡಿದೆ.

"ಭಟ್ರೇ, ನಿಜವಾಗಿ ಬೆಂಕಿ ಬಿದ್ರೂ ನಿಂಗ ಆಪೋಶನ ತಗಂಡೇ ಏಳದಾ?"

"ಪಂಕ್ತಿ ಮಧ್ಯ ಎದ್ರೆ ಉಳ್ದವರ ಅನ್ನಕ್ಕೆ ದೋಷ ಬತ್ತು ತಂಗಿ. ಅಷ್ಟು ಜನರ ಅನ್ನ ಕೆಡ್ಸಿದ ಪಾಪ ಎಂಗೆ ಬೇಡ."

"ಅಷ್ಟು ಜನ ಬೆಂದ್ ಹೋದ ಪಾಪ ಅಡ್ಡಿಲ್ಯಾ?"

ಭಟ್ಟರು ತುತ್ತು ಕೈಯಲ್ಲೇ ಹಿಡಿದು ನಿಂತರು, ಅಂದರೆ ಕೂತಲ್ಲೇ ನಿಂತರು. ಅವರ ಊಟ ಅರ್ಧದಲ್ಲಿ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೆಟ್ಟವರಲ್ಲ ಅವರು. ಎಲ್ಲರೂ ತಮ್ಮ ಮುಖ ನೋಡುತ್ತಾರೆ ಎಂಬುದು ಅವರಿಗೂ ಒಂದು ಹೊರೆಯೇ ಆಗಿತ್ತೋ ಏನೋ. ತುತ್ತನ್ನು ಎಲೆಗೆ ಇಳಿಸಿ, "ಪಂಕ್ತಿ ಹೇಳಿ ಇದ್ದ ಮೇಲೆ ಆನು ಎಂತ ಮಾಡ್ಲಿ?" ಎಂದರು.

ಆಗ ನನ್ನ ತಲೆಯಲ್ಲಿ ಏನೋ ಹೊಳೆಯಿತು.

"ಪಂಕ್ತಿ ಇಲ್ದಿದ್ರೆ? ಒಂದು ಪಂಕ್ತಿ ತುಂಡಾಪ್ದು ಎಂತದರಿಂದ ಭಟ್ರೇ? ಶಾಸ್ತ್ರದಲ್ಲಿ ಎಂತಾರೂ ಹೇಳಿದ್ದಾ?"

ಶಾಸ್ತ್ರ ಕೇಳುವವರು ಸಿಕ್ಕರೆ ಭಟ್ಟರಿಗೆ ಹಲ್ಲು ಹುಟ್ಟಿದಷ್ಟು ಸಂತೋಷ. ಎಡಗೈಯ ಬೆರಳು ಮಡಿಚುತ್ತ ಹೋದರು. "ಇದ್ದು, ಇದ್ದು. ನಡುವೆ ಕಂಬ ಬಂದ್ರೆ ಪಂಕ್ತಿ ಬೇರೆ. ಬಾಗಿಲು ಬಂದ್ರೆ ಬೇರೆ. ನಡೆಯ ದಾರಿ ಬಂದ್ರೆ ಬೇರೆ. ನೀರಿನ ಗೆರೆ ಎಳೆದ್ರೆ ಬೇರೆ, ಬೂದಿ ಗೆರೆ ಎಳೆದ್ರೆ..."

"ಬೂದಿಯಾ?"

ನನ್ನ ಕೈಯಿಂದ ಸೌಟು ಬಿತ್ತು. ಬೂದಿ. ನನ್ನ ಒಲೆಯಲ್ಲಿ ಊರಿಗೆಲ್ಲ ಹಂಚುವಷ್ಟು ಬೂದಿ ಇತ್ತು. ಎಲೆಗೂ ಎಲೆಗೂ ನಡುವೆ ಒಂದೊಂದು ಗೆರೆ ಎಳೆದರೆ ಪ್ರತಿಯೊಬ್ಬನದೂ ಬೇರೆ ಪಂಕ್ತಿ; ಅವನ ಪಂಕ್ತಿಗೆ ಅವನೇ ಹಿರಿಯ. ಯಾರು ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಾನು ಇದನ್ನು ಹೇಳಿದ ಕೂಡಲೇ ಭಟ್ಟರ ಕಣ್ಣು ಅರಳಿತು.

"ಅಡ್ಡಿಲ್ಲೆ, ಅಡ್ಡಿಲ್ಲೆ. ಒಬ್ಬೊಬ್ಬಂದು ಒಂದೊಂದು ಪಂಕ್ತಿ. ಶಾಸ್ತ್ರಕ್ಕೆ ವಿರೋಧ ಇಲ್ಲೆ. ಆದ್ರೆ ತಂಗಿ, ಅರ್ಧ ಉಂಡು ಎದ್ದ ಎಲೆಗೆ ಮತ್ತೆ ಕೂಪಲಾಗ. ಇಳ್ದು ಬಂದವರಿಗೆ ಹೊಸ ಎಲೆ ಹಾಕವು."

"ಹೊಸ ಎಲೆಗೆ ಹೋಳಿಗೆ ಮಾಡ್ತೆ" ಎಂದೆ.

ಸುದ್ದಿ ಪೇಟೆಯ ತುಂಬ ಹಬ್ಬಿತು. ಬೂದಿಯಿಂದ ಸರಕಾರವನ್ನು ಗೆಲ್ಲುವ ಖಾನಾವಳಿ ಎಂದು ಗುಮಾಸ್ತರು ತಮಾಷೆ ಮಾಡಿದರು. ಯಾವತ್ತೂ ಬಾರದವರು ಆ ದಿನದ ಎಲೆಗೆ ಮೊದಲೇ ಹೇಳಿಟ್ಟರು. ಹೋಳಿಗೆಯ ಮಹಿಮೆಯೋ ಪರೀಕ್ಷೆಯ ಮಹಿಮೆಯೋ, ದೇವರೇ ಬಲ್ಲ. ಭಟ್ಟರು ತಾವೇ ಮುಂದೆ ನಿಂತು ತಾಲೀಮು ಮಾಡಿಸಿದರು. ಎಲೆಯಿಲ್ಲದ ಸಾಲಿನಲ್ಲಿ ಎಲ್ಲರನ್ನೂ ಕೂರಿಸಿ, ಎಡಗೈಯಲ್ಲಿ ಪಂಚೆ ಎತ್ತಿ ಹಿಡಿದು ಹೇಗೆ ಏಳಬೇಕೆಂದು ಎದ್ದು ತೋರಿಸಿದರು. ಆ ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡನೆಯ ಪರೀಕ್ಷೆಯ ದಿನ ನಸುಕಿನಲ್ಲೇ ಮಿಂದು ಮಡಿಯುಟ್ಟು ಒಲೆ ಹೊತ್ತಿಸಿದೆ. ಎರಡು ಪಾಳಿಯ ಅಡಿಗೆ: ಎದ್ದು ಹೋಗುವ ಊಟ ಒಂದು, ಬಂದು ಮಾಡುವ ಊಟ ಒಂದು. ಹೋಳಿಗೆ ಬುಟ್ಟಿ ತುಂಬ ಆಯಿತು. ಯಜಮಾನರು ಬೂದಿಯ ಗೆರೆ ಎಳೆದರು. ಭಟ್ಟರು ಬಗ್ಗಿ ಒಂದೊಂದನ್ನೂ ನೋಡಿ ಎಲ್ಲಿ ತೆಳುವಾಗಿತ್ತೋ ಅಲ್ಲಿ ಇನ್ನಷ್ಟು ಉದುರಿಸಿದರು. ಹಳೆಯ ಮೆಟ್ಟಿಲಿಗೆ ಅಂದಾನಪ್ಪನವರು ಹಗ್ಗ ಕಟ್ಟಿಸಿದರು. ನನ್ನ ಅಡಿಗೆಮನೆಯ ಬಾಗಿಲು ಆ ಮೆಟ್ಟಿಲಿನ ಪಕ್ಕದಲ್ಲೇ. ಹೊಸ ಮೆಟ್ಟಿಲು ಕೋಣೆಯ ಆ ತುದಿಗೆ.

ಅನ್ನ ಬಿತ್ತು, ಹುಳಿ ಬಿತ್ತು. ಬಳೆ ಬಡಿಯಿತು, ಮೋಟಾರು ಹೊರಟಿತು.

ಮೊದಲು ಎದ್ದವರು ಭಟ್ಟರು. ಉಳಿದವರು ಅವರಿಗಾಗಿ ಕಾಯದೆ ಏಕಕಾಲಕ್ಕೆ ಎದ್ದರು. ಪಂಚೆಗಳು ಹಾರಿದವು, ಲೋಟಗಳು ಉರುಳಿದವು, ಮೆಟ್ಟಿಲು ದಡದಡ ಎಂದಿತು. ಬಡಿಸುತ್ತಿದ್ದ ಯಜಮಾನರು ಹುಳಿಯ ಪಾತ್ರೆಯನ್ನು ಅಲ್ಲೇ ಇಟ್ಟು ಎಲ್ಲರ ಹಿಂದೆ ಓಡಿದರು. ನಾನು ಅಡಿಗೆಮನೆಯ ಕಿಟಕಿಗೆ ಹಾರಿ ಬೀದಿ ನೋಡಿದೆ. ಕೋಣೆ ತುಂಬ ಇದ್ದ ಜನ ಬೀದಿಯಲ್ಲಿ ಎಂಜಲು ಕೈ ಎತ್ತಿ ಹಿಡಿದು ನಿಂತಿದ್ದರು. ಸಂತೋಷಕ್ಕೆ ನಾನು ಕಿಟಕಿಯಲ್ಲೇ ಚಪ್ಪಾಳೆ ತಟ್ಟಿದೆ. ಮೋಟಾರಿನ ಸದ್ದು ಇನ್ನೂ ಪೇಟೆಯ ಆ ಕಡೆಯಲ್ಲಿತ್ತು. ಗೆದ್ದೆವು ಎಂದುಕೊಂಡೆ.

ಅಂದಾನಪ್ಪನವರು ಬೆರಳು ತೋರಿಸುತ್ತ ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ ಕಿಟಕಿಯಲ್ಲಿ ನನ್ನನ್ನು ಕಂಡರು.

"ತಾಯಿ, ನೀವ್ಯಾಕ ಇನ್ನೂ ಅಲ್ಲೇ ಅದೀರಿ?"

"ಆನಾ? ಆನು ಅಡಿಗೆ ಮಾಡವ್ಳು" ಎಂದೆ. "ಎನ್ನ ಎಂತಕ್ಕೆ ಲೆಕ್ಕ ಹಿಡಿತ್ರಿ?"

"ಒಳಗಿದ್ದವರೆಲ್ಲಾ ಅಂತ ಹೇಳಿದ್ದೆ. ನೀವು ಸುಡಂಗಿಲ್ಲೇನ್ರೀ?"

ಕಿಟಕಿಯ ಸರಳು ಹಿಡಿದು ಹಿಂದೆ ತಿರುಗಿ ಒಲೆ ನೋಡಿದೆ. ಒಲೆಗೆ ಎಲ್ಲರಿಗಿಂತ ಹತ್ತಿರ ಇರುವವಳು ನಾನು. ಊಟಕ್ಕೆ ಬಂದವರನ್ನೆಲ್ಲ ಲೆಕ್ಕ ಹಾಕಿದ್ದೆ, ಯಜಮಾನರನ್ನು ಹಾಕಿದ್ದೆ, ನಾಗಿಯನ್ನೂ ಹಾಕಿದ್ದೆ. ನನ್ನನ್ನು ಹಾಕಿರಲಿಲ್ಲ. ಹಾಕಬೇಕು ಎಂದು ನನಗೂ ಅನಿಸಿರಲಿಲ್ಲ, ಬೇರೆ ಯಾರಿಗೂ ಅನಿಸಿರಲಿಲ್ಲ. ಬೀದಿಯಲ್ಲಿ ಯಜಮಾನರ ಮುಖ ಬೆಳ್ಳಗಾದದ್ದು ಮೇಲಿನಿಂದಲೇ ಕಂಡಿತು.

ಅಷ್ಟರಲ್ಲಿ ಮೋಟಾರಿನ ಹಾರ್ನು ಕೇಳಿಸಿತು. ಪೇಟೆಯ ತಿರುವಿಗೆ ಬಂದಿತ್ತು.

ಬಾಗಿಲಿಗೆ ಓಡಿದೆ. ಹೊಸ್ತಿಲಲ್ಲಿ ಕಾಲು ತಾನಾಗಿಯೇ ನಿಂತಿತು. ನೆಲ ಕಾಣುತ್ತಿರಲಿಲ್ಲ. ಅಷ್ಟು ಜನ ಓಡಿದ ರಭಸಕ್ಕೆ ಎಲೆಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಅನ್ನ, ಹುಳಿ, ಬೂದಿ ಎಲ್ಲ ಕಲಸಿ ಈ ಗೋಡೆಯಿಂದ ಆ ಗೋಡೆಯವರೆಗೆ ಎಂಜಲು. ಮಡಿಯಲ್ಲಿ ಅಡಿಗೆ ಮಾಡುವವಳು ಎಂಜಲು ತುಳಿಯುವುದು ಹ್ಯಾಗೆ? ನನ್ನ ಜನ್ಮದಲ್ಲಿ ತುಳಿದವಳಲ್ಲ. ಅದೂ ಗಂಡಸರ ಎಂಜಲು, ಅದೂ ಅವರೆಲ್ಲ ಕೆಳಗೆ ನಿಂತು ನೋಡುವ ಹಾಗೆ ತುಳಿದುಕೊಂಡು ಹೋಗಿ ನಡುಬೀದಿಯಲ್ಲಿ ನಿಂತರೆ, ಆಮೇಲೆ ಈ ಕೈಯ ಅನ್ನವನ್ನು ಅವರಲ್ಲಿ ಯಾರು ಮುಟ್ಟಿಯಾರು? ಇಳಿಯದಿದ್ದರೆ ಪರವಾನಗಿ ಇಲ್ಲ. ಇಳಿದರೆ ಪರವಾನಗಿ ಇದ್ದು ಉಣ್ಣುವವರಿಲ್ಲ. ಎರಡು ದಾರಿಯೂ ಹೋಗಿ ಸೇರುವುದು ದೊಡ್ಮನೆಯ ಜಗಲಿಗೇ.

ಹಾರ್ನು ಇನ್ನೂ ಹತ್ತಿರ ಬಂತು. "ನೀವು ಸುಡಂಗಿಲ್ಲೇನ್ರೀ" ಎಂಬ ಮಾತು ಕಿವಿಯಲ್ಲೇ ಇತ್ತು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಓಡಿದೆ.

ಭಟ್ಟರ ಎಲೆ ತುಳಿದೆ, ಗುಮಾಸ್ತರ ಎಲೆ ತುಳಿದೆ. ಕೋಣೆಯ ನಡುವೆ ಹುಳಿಯಲ್ಲಿ ಜಾರಿ ಕಂಬ ಹಿಡಿದುಕೊಂಡೆ. ಮೆಟ್ಟಿಲಿಗೆ ಬಂದಾಗ ಅನ್ನ ಅಂಟಿದ ಕಾಲು ಮೊದಲ ಹಲಗೆಯ ಮೇಲೆ ನಿಲ್ಲಲೇ ಇಲ್ಲ. ನಾನೇ ಬಡಗಿಯ ಜೀವ ತಿಂದು ನುಣ್ಣಗೆ ಮಾಡಿಸಿದ ಮೆಟ್ಟಿಲು. ಕೂತ ಹಾಗೆಯೇ ಹಲಗೆಯಿಂದ ಹಲಗೆಗೆ ಜಾರಿ ಕೆಳಗೆ ಬಂದವಳನ್ನು ನಾಗಿ ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. "ಹಿಡ್ಕಂಡೆ ಅಮ್ಮಾ, ಹಿಡ್ಕಂಡೆ" ಎಂದಳು. ನಮ್ಮಿಬ್ಬರ ಮುಂದೆ ಬದ್ರುದ್ದೀನರ ಮೋಟಾರು ಬಂದು ನಿಂತಿತು.

"ಬಂದರು. ಎಲ್ಲಾರೂ ಬಂದರು" ಎಂದರು ಅಂದಾನಪ್ಪನವರು.

ಯಾರೂ ಕೇಕೆ ಹಾಕಲಿಲ್ಲ. ನಾಗಿಯ ತೋಳಿನಿಂದ ಬಿಡಿಸಿಕೊಂಡು ನಾನು ನೆಟ್ಟಗೆ ನಿಂತೆ. ಮಡಿ ಸೀರೆಯ ತುಂಬ ಹುಳಿ, ಮೊಣಕಾಲಿನವರೆಗೆ ಎಂಜಲು, ಕೂದಲು ಬಿಚ್ಚಿತ್ತು. ನಡುಮಧ್ಯಾಹ್ನದ ಬಿಸಿಲಿನಲ್ಲಿ, ನಡುಪೇಟೆಯಲ್ಲಿ, ನಾನು ಅನ್ನ ಹಾಕುವ ಅಷ್ಟೂ ಗಂಡಸರು ನನ್ನ ಕಾಲನ್ನು ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಎಲ್ಲರ ಮುಖವೂ ಭಟ್ಟರ ಕಡೆ ತಿರುಗಿತು. ಹೆದರಿದ್ದೆ. ಆ ಮುದುಕ ಒಂದು ಸಲ ಮುಖ ತಿರುಗಿಸಿದರೆ ನನ್ನ ಒಲೆ ಆರಿದ ಹಾಗೆಯೇ.

ಭಟ್ಟರು ಎಂಜಲು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಮೆಲ್ಲನೆ ಹತ್ತಿರ ಬಂದರು.

"ತಂಗಿ, ಪೆಟ್ಟಾತಾ?"

"ಇಲ್ಲೆ" ಎಂದೆ. ಪೆಟ್ಟಾಗಿತ್ತು.

ಅವರು ತಿರುಗಿ ಉಳಿದವರನ್ನು ನೋಡಿದರು. ಊಟಕ್ಕೆ ಕೂತಾಗ ಇರುವ ಗಾಂಭೀರ್ಯವೇ ಮುಖದ ಮೇಲಿತ್ತು.

"ಎಂಜಲು ಮಿಂದ್ರೆ ಹೋಗ್ತು. ಸುಟ್ಟಿದ್ದು ಮಿಂದ್ರೆ ಹೋಗ್ತಿಲ್ಲೆ" ಎಂದರು. ಆಮೇಲೆ ನನಗೆ, "ಹೋಗು, ಮಿಂದ್ಕಂಡು ಬಾ. ಎಂಗ ಕಾಯ್ತ್ಯ."

ಒಬ್ಬ ಗುಮಾಸ್ತ ಕಚೇರಿಗೆ ಹೊತ್ತಾಯಿತೆಂದು ಏನೋ ಗೊಣಗಿದ. ಭಟ್ಟರು ಅವನತ್ತ ಕಣ್ಣು ಬಿಟ್ಟರು. ಅವನು ಕೈ ತೊಳೆದುಕೊಂಡು ಬಂದು ಅಲ್ಲೇ ನೆರಳಿಗೆ ಕೂತ. ನಮ್ಮ ಯಜಮಾನರು ಬಾವಿಗೆ ಓಡಿದರು. "ಎಂಗೆ ನೆನಪೇ ಆಜಿಲ್ಲೆ. ನೀನು ಮೇಲೆ ಇದ್ದೆ ಹೇಳಿ ನೆನಪೇ ಆಜಿಲ್ಲೆ" ಎಂದು ಕೊಡ ಕೊಡ ನೀರು ಹೊಯ್ದರು. ಬಯ್ಯಬೇಕೆಂದು ಬಾಯಿ ತೆರೆದೆ, ಅವರ ಕಣ್ಣು ನೋಡಿ ಬಿಟ್ಟುಬಿಟ್ಟೆ. ನನಗೂ ನೆನಪಾಗಿರಲಿಲ್ಲವಲ್ಲ.

ಬಾವಿಕಟ್ಟೆಯ ಗೋಡೆಯಾಚೆಯಿಂದ ಅಂದಾನಪ್ಪನವರ ದನಿ ಕೇಳಿಸಿತು. "ಹೆಗಡೇರ, ಪರವಾನಗಿ ಮೂರು ತಿಂಗಳಿಗಷ್ಟ ಕೊಡ್ತೀನಿ. ಅಷ್ಟರೊಳಗ ಅಡಿಗಿಮನಿಗೆ ಬ್ಯಾರೆ ಬಾಗಲಾ, ಬ್ಯಾರೆ ಮೆಟ್ಟಲಾ ಆಗಬೇಕು. ತಾಯಿಯವರು ಯಾರ ಎಂಜಲಾನೂ ದಾಟದ ಇಳೀಬೇಕು." ಹಲಗೆ ತರುವುದು ತನ್ನ ಜವಾಬ್ದಾರಿ ಎಂದು ಬದ್ರುದ್ದೀನರು ಹೇಳುತ್ತಿದ್ದರು.

ನಾನು ಮಿಂದು ಒದ್ದೆ ಸೀರೆ ಸುತ್ತಿ ಬರುವಷ್ಟರಲ್ಲಿ ನಾಗಿ ಎಲೆ ಎತ್ತಿದ್ದಳು, ಯಜಮಾನರು ಸಗಣಿ ನೀರಿನಲ್ಲಿ ನೆಲ ಬಳಿದಿದ್ದರು. ಅಷ್ಟು ಹೊತ್ತೂ ಜನ ಬೀದಿಯಲ್ಲೇ ಇದ್ದರು. ಒಬ್ಬರೂ ಹೋಗಿರಲಿಲ್ಲ. ಮೇಲೆ ಬುಟ್ಟಿ ತುಂಬ ಹೋಳಿಗೆ ಇದ್ದರೂ, ಹಸಿವಿನಲ್ಲಿ ಒಂದು ಗಳಿಗೆ ತಡೆಯದ ವಿಘ್ನೇಶ್ವರ ಭಟ್ಟರು ಮೆಟ್ಟಿಲಿನ ಬುಡದಲ್ಲಿ ಕೈಕಟ್ಟಿ ನಿಂತು, ನಾನು ಮೊದಲು ಹತ್ತಲಿ ಎಂದು ಪಕ್ಕಕ್ಕೆ ಸರಿದರು. ದೊಡ್ಮನೆಯಲ್ಲಿ ಎಲ್ಲರೂ ಉಂಡ ಮೇಲೆ, ತಳ ಹಿಡಿದದ್ದನ್ನು ಕೆರೆದು ಉಂಡವಳು ನಾನು. ನನಗಾಗಿ ಊಟ ತಡೆದವರು ಯಾರೂ ಇರಲಿಲ್ಲ. ಅಳು ಬಂದುಬಿಟ್ಟಿತು, ತಡೆಯಲು ಹೋಗಲಿಲ್ಲ. ಅಳುತ್ತಲೇ ಮೆಟ್ಟಿಲು ಹತ್ತಿ, ಮೇಲಿನ ಹಲಗೆಯ ಮೇಲೆ ನಿಂತು ಹಿಂದೆ ತಿರುಗಿದೆ.

"ಎಂತ ನೋಡ್ತಾ ನಿಂತಿದ್ರಿ ಎಲ್ಲ? ಹತ್ತಿ ಬನ್ನಿ, ಹೋಳಿಗೆ ಆರ್ತು" ಎಂದು ಗದರಿದೆ.